ಹಳೆಯ ಧ್ವನಿಯ ನಿರೀಕ್ಷೆ

ಧ್ವನಿ ಎಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥಗಳುಂಟು. ಕಿವಿಗೆ ಬಿದ್ದ ಸದ್ದೆಲ್ಲವೂ ಧ್ವನಿಯೆಂಬುದು ಲೋಕದ ಮಾತು. ಕಾವ್ಯದಲ್ಲಿ ಹೇಳಿದುದರ ಹಿಂದೆ ಹೇಳದೆಯೆ ಹೊಳೆಯುವ ಅರ್ಥವೇ ಧ್ವನಿಯೆಂಬುದು ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನ ಸಿದ್ಧಾಂತ. ಈ ಎರಡನ್ನೂ ಬೆರೆಸಿಕೊಂಡು, ಒಂದನ್ನು ಬಯಸುತ್ತ ಮತ್ತೊಂದರ ಹೆಸರನ್ನು ಹೇಳುತ್ತ, ಲಕ್ಷಾಂತರ ಮಂದಿ ವರ್ಷಗಟ್ಟಲೆ ಕಾದಿದ್ದ ಒಂದು ಪ್ರಸಂಗವು ಪಾಶ್ಚಾತ್ಯ ಸಂಗೀತದ ಇತ್ತೀಚಿನ ಚರಿತ್ರೆಯಲ್ಲಿರುವುದು. ಅದನ್ನು ಇಲ್ಲಿ ವಿಚಾರಿಸಬೇಕೆಂದಿರುವೆನು. ಪಾಠಶಾಲೆಯಲ್ಲಿ ಅಮರವನ್ನೂ ಲಘುಕೌಮುದಿಯನ್ನೂ ಬಾಯಿಪಾಠ ಮಾಡಿದವನಿಗೆ ಹೆವಿ ಮೆಟಲಿನ ಗೊಡವೆಯೇಕೆಂದು ವಾಚಕ ಮಹಾಶಯರು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಹೇಳಿಯೇ ಮುಂದುವರಿಯುವುದು ನ್ಯಾಯ.

ನನ್ನ ಕಿರಿಯ ಮಗನು ಹುಟ್ಟಿದುದು 1987ರಲ್ಲಿ. ಅವನು ಹೈಸ್ಕೂಲಿನಲ್ಲಿದ್ದಾಗ ಗೆಳೆಯನೊಬ್ಬನಿಂದ ಒಂದು ಕ್ಯಾಸೆಟ್ಟನ್ನು ಕಡ ತಂದನು. ಮೆಟಾಲಿಕ ಎಂಬ ಅಮೆರಿಕೆಯ ತಂಡವು 1986ರಲ್ಲಿ ಹೊರತಂದಿದ್ದ 'ಮಾಸ್ಟರ್ ಆಫ್ ಪಪೆಟ್ಸ್' ಎಂಬುದೇ ಅದು. ನಾನು ಅದನ್ನು ಗದ್ದಲವೆಂದು ಕರೆದು ಬಾಗಿಲು ಹಾಕಿಸಿದೆನು. ಬಾಗಿಲು ಬಹುಕಾಲ ಹಾಕಿಯೇ ಇದ್ದಿತು. 2008ರಲ್ಲಿ, ಅವನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತ ರಜೆಗೆ ಬಂದಿದ್ದಾಗ, ಗೆಳೆಯರೊಡನೆ ಜಗುಲಿಯಲ್ಲಿ ಕುಳಿತು ಒಂದು ವಾಗ್ವಾದ ನಡೆಸಿದನು. 'ಹಳೆಯ ಮೆಟಾಲಿಕ ಹಿಂದಿರುಗುವುದೇ, ಇಲ್ಲವೇ' ಎಂಬುದು ವಿಷಯ. ಅವರ ಆವೇಶವನ್ನು ಕಂಡು ನನಗೆ ಮೊದಲು ನಗು ಬಂದಿತು, ಬಳಿಕ ಆಶ್ಚರ್ಯವಾಯಿತು. ತಾನು ಹುಟ್ಟುವುದಕ್ಕೂ ಮುಂಚಿನ ಧ್ವನಿಗಾಗಿ ಈ ಹುಡುಗನು ಹಂಬಲಿಸುತ್ತಿರುವನಲ್ಲಾ! ಅಂದು ಬಾಗಿಲು ತೆರೆದು ಕೇಳಲು ತೊಡಗಿದವನು ಇಂದಿಗೂ ಕೇಳುತ್ತಿರುವೆನು.

ತಿಳಿಯದವರಿಗಾಗಿ ಎರಡು ಮಾತು. ಹೆವಿ ಮೆಟಲ್ ಎಂಬುದು ರಾಕ್ ಸಂಗೀತದ ಒಂದು ಕವಲು. 1970ರ ಸುಮಾರಿನಲ್ಲಿ ಇಂಗ್ಲೆಂಡಿನ ಬ್ಲ್ಯಾಕ್ ಸಬ್ಬಾತ್ ಮೊದಲಾದ ತಂಡಗಳಿಂದ ಅದು ರೂಪುಗೊಂಡಿತು. ಅದಕ್ಕೆ ಅತಿವೇಗವನ್ನೂ ಕಾಠಿಣ್ಯವನ್ನೂ ತಂದ ಥ್ರಾಶ್ ಎಂಬ ಪ್ರಭೇದದ ಪ್ರವರ್ತಕರಲ್ಲಿ ಮೆಟಾಲಿಕ ತಂಡದವರು ಮುಖ್ಯರು. 1981ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಡ್ರಮ್ಸ್ ನುಡಿಸುವ ಲಾರ್ಸ್ ಉಲ್ರಿಕ್ ಎಂಬ ಡೆನ್ಮಾರ್ಕ್ ದೇಶದ ಹುಡುಗನು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟನು. ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡನು ಅದಕ್ಕೆ ಓಗೊಟ್ಟನು. ಇಬ್ಬರಿಗೂ ಆಗ ಹದಿನೆಂಟು ವರ್ಷವೂ ಸರಿಯಾಗಿ ತುಂಬಿರಲಿಲ್ಲ. ಬಳಿಕ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ಟನೂ ಬೇಸ್ ಗಿಟಾರಿನ ಕ್ಲಿಫ್ ಬರ್ಟನ್ನನೂ ಸೇರಿದರು. 1983, 1984, 1986, ಹೀಗೆ ಮೂರು ಆಲ್ಬಮ್ಮುಗಳು ಒಂದನ್ನೊಂದು ಮೀರಿಸುತ್ತ ಬಂದುವು. 1986ರ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ಇವರ ಬಸ್ಸು ಉರುಳಿ, ಇಪ್ಪತ್ತನಾಲ್ಕು ವರ್ಷದ ಬರ್ಟನ್ನನು ತೀರಿಕೊಂಡನು. ಜೇಸನ್ ನ್ಯೂಸ್ಟೆಡ್ ಎಂಬವನನ್ನು ಸೇರಿಸಿಕೊಂಡು 1988ರಲ್ಲಿ ನಾಲ್ಕನೆಯದನ್ನು ತಂದರು. 'ಹಳೆಯ ಧ್ವನಿ' ಎಂದು ಅಭಿಮಾನಿಗಳು ಹೇಳುವುದು ಈ ನಾಲ್ಕನ್ನು.

ಅಲ್ಲಿಂದ ಮುಂದಿನದು ವೈಭವದ ಕತೆಯೂ ಹೌದು, ವಿರಹದ ಕತೆಯೂ ಹೌದು. 1991ರಲ್ಲಿ, ತಂಡದ ಹೆಸರನ್ನೇ ಹೊತ್ತ, ಕಪ್ಪು ಹೊದಿಕೆಯ ಆಲ್ಬಮ್ಮನ್ನು ಬಾಬ್ ರಾಕ್ ಎಂಬವರ ನಿರ್ಮಾಣದಲ್ಲಿ ಹೊರತಂದರು. ಹಾಡುಗಳು ಚಿಕ್ಕವಾದುವು, ವೇಗ ಇಳಿಯಿತು, ರಾಗ ನೇರವಾಯಿತು. ಅಮೆರಿಕೆಯೊಂದರಲ್ಲೇ ಅದರ ಪ್ರತಿಗಳು ಒಂದೂವರೆ ಕೋಟಿಗೂ ಮೇಲ್ಪಟ್ಟು ಮಾರಾಟವಾದುವು. 1996ರ 'ಲೋಡ್', 1997ರ 'ರಿಲೋಡ್' ಇವುಗಳಲ್ಲಿ ಥ್ರಾಶ್ ಎಂಬುದು ಹೆಚ್ಚುಕಡಿಮೆ ಮಾಯವಾಯಿತು. ಉದ್ದಗೂದಲನ್ನು ಕತ್ತರಿಸಿದುದೂ ಅಪರಾಧವಾಯಿತು. 2001ರ ಜನವರಿಯಲ್ಲಿ ನ್ಯೂಸ್ಟೆಡ್ ಬಿಟ್ಟುಹೋದನು. ಅದೇ ವರ್ಷ ಹೆಟ್‌ಫೀಲ್ಡನು ಮದ್ಯದ ಚಟ ಬಿಡಿಸಿಕೊಳ್ಳಲು ಚಿಕಿತ್ಸೆಗೆ ಸೇರಿದನು. 2003ರ 'ಸೇಂಟ್ ಆಂಗರ್' ಈ ಕಲಹಗಳ ನಡುವೆ ಹುಟ್ಟಿದುದು. ಗಿಟಾರಿನ ಏಕಾಂಗವಾದನ ಅದರಲ್ಲಿ ಒಂದೂ ಇಲ್ಲ. ಡ್ರಮ್ಮು ಬರಿಯ ತಗಡನ್ನು ಬಡಿದಂತೆ ಕೇಳುವುದು. ಕೋಪವೇನೋ ಇದ್ದಿತು, ಕೋಪವನ್ನು ರೌದ್ರರಸವಾಗಿಸುವ ಶಿಲ್ಪವಿರಲಿಲ್ಲ.

ಇಂತಿರಲು, 2006ರಲ್ಲಿ ಬಾಬ್ ರಾಕರ ಬದಲಾಗಿ ರಿಕ್ ರೂಬಿನ್ ಎಂಬವರು ನಿರ್ಮಾಪಕರಾಗುವರೆಂಬ ಸುದ್ದಿ ಹೊರಟಿತು. ತಮಗೆ ಒಂದೂ ಪ್ರಸಿದ್ಧವಾದ ಹಾಡಿಲ್ಲವೆಂದೂ, ತಾವು ಹೊಸ ತಂಡವೆಂದೂ, ಪಂಥದಲ್ಲಿ ಗೆಲ್ಲಲು ಹಾಡು ಕಟ್ಟಬೇಕಾಗಿದೆಯೆಂದೂ ಭಾವಿಸಿಕೊಳ್ಳಿರೆಂದು ಅವರು ತಂಡದವರಿಗೆ ಬುದ್ಧಿ ಹೇಳಿದರಂತೆ; 1980ರ ದಶಕವನ್ನು ನೆನೆದುಕೊಳ್ಳುವುದು ತಪ್ಪಲ್ಲವೆಂದೂ ಧೈರ್ಯ ಕೊಟ್ಟರಂತೆ. ಇಷ್ಟೇ ಸಾಕಾಯಿತು. ಎರಡೂವರೆ ವರ್ಷಗಳ ಕಾಲ ಅಭಿಮಾನಿಗಳು ಶಕುನಗಳನ್ನು ಎಣಿಸಿದರು. ತಗ್ಗಿಸಿದ್ದ ಶ್ರುತಿ ಮತ್ತೆ ಮೊದಲಿನ ಎತ್ತರಕ್ಕೆ ಬಂದಿದೆಯೆಂಬುದು ಒಂದು. ಹ್ಯಾಮೆಟ್ಟನ ಏಕಾಂಗವಾದನ ಹಿಂದಿರುಗಿದೆಯೆಂಬುದು ಒಂದು. ಹಾಡುಗಳು ಏಳೆಂಟು ನಿಮಿಷದವೆಂಬುದು ಒಂದು. ತಂಡದ ಹೆಸರನ್ನು ಬರೆಯುವ ಹಳೆಯ ಚೂಪು ಬಾಲದ ಅಕ್ಷರಗಳು ಮತ್ತೆ ಬಂದುವೆಂಬುದು ಕಡೆಯದು. 2008ರ ಸೆಪ್ಟೆಂಬರ್ 12ರಂದು 'ಡೆತ್ ಮ್ಯಾಗ್ನೆಟಿಕ್' ಹೊರಬಂದಿತು. ಹತ್ತು ಹಾಡುಗಳು, ಹೆಚ್ಚುಕಡಿಮೆ ಎಪ್ಪತ್ತೈದು ನಿಮಿಷ.

ಈಗ ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ ಮಂಡಿಸೋಣ. ಹಳೆಯದನ್ನು ಬೇಡುವವನು ಮೂಢನೆಂದು ಮೂದಲಿಸುವುದು ಸುಲಭ. ಆದರೆ ಅವನ ಪಕ್ಷದಲ್ಲಿ ಸತ್ಯವಿಲ್ಲದಿಲ್ಲ. ಆ ಹಳೆಯ ಧ್ವನಿಯು ಬರಿಯ ಅಬ್ಬರವಾಗಿರಲಿಲ್ಲ. ಅಂಗೈಯಂಚನ್ನು ತಂತಿಗಳ ಮೇಲೂರಿ, ನಾದವು ಹರಡದಂತೆ ಅದುಮಿ, ಮೇಲಿನಿಂದ ಕೆಳಕ್ಕೇ ಎಡೆಬಿಡದೆ ಮೀಟುವ ಹೆಟ್‌ಫೀಲ್ಡನ ಕೈಚಳಕವು ದೀರ್ಘಸಾಧನೆಯಿಂದ ಬಂದುದು. 'ಮಾಸ್ಟರ್ ಆಫ್ ಪಪೆಟ್ಸ್' ಎಂಬ ಹಾಡೊಂದನ್ನೇ ನೋಡಿ. ಅದು ಎಂಟೂವರೆ ನಿಮಿಷದ್ದು. ಮಾದಕವಸ್ತುವು ಸೂತ್ರಧಾರನಾಗಿ, ಮನುಷ್ಯನು ತೊಗಲುಬೊಂಬೆಯಾಗಿ ಕುಣಿಯುವುದೇ ಅದರ ವಸ್ತು. ಯಂತ್ರದಂತೆ ನಿಷ್ಕರುಣವಾದ ಲಯವು ಆ ವಸ್ತುವಿಗೆ ಎಷ್ಟು ಉಚಿತ! ನಡುವೆ ವೇಗವೆಲ್ಲ ಅಡಗಿ, ಗಿಟಾರುಗಳು ಜೊತೆಯಾಗಿ ಮೆಲ್ಲನೆ ನುಡಿಯುವ ಎಡೆಯೊಂದು ಬರುವುದು. ಬೊಂಬೆಗೆ ತನ್ನ ಸ್ಥಿತಿ ಅರಿವಾದ ಗಳಿಗೆಯದು. ಬಳಿಕ ಸೂತ್ರಧಾರನು ಮತ್ತೆ ಹಗ್ಗವನ್ನೆಳೆಯುವನು. ಇಂಥದನ್ನು ಕಟ್ಟಿದವರು ಅದನ್ನು ತೊರೆದು ಮೂರು ನಿಮಿಷದ ಸರಳತೆಗೋ ಶಿಲ್ಪವಿಲ್ಲದ ಅರಚಾಟಕ್ಕೋ ಇಳಿದರೆ, ಕೇಳುಗನು 'ನಿಮ್ಮ ವಿದ್ಯೆ ಎಲ್ಲಿ' ಎಂದು ಕೇಳುವುದು ಅಪರಾಧವಲ್ಲ. ವಿದ್ಯೆಯನ್ನು ಕಂಡವನಿಗೆ ಅದನ್ನು ಕೇಳುವ ಹಕ್ಕುಂಟು.

ಆದರೆ ಪೂರ್ವಪಕ್ಷಿಯು ತಪ್ಪುವುದು ಇಲ್ಲಿ: ವೇಗ, ಶ್ರುತಿ, ಉದ್ದ, ಏಕಾಂಗವಾದನ ಇವು ಮರಳಿದರೆ ಧ್ವನಿಯೂ ಮರಳುವುದೆಂದು ಅವನು ನಂಬುವನು. ಪದರಚನೆಯ ವಿಶೇಷವಾದ ರೀತಿಯೇ ಕಾವ್ಯದ ಆತ್ಮವೆಂದ ವಾಮನನ ಶಿಷ್ಯನು ಇವನು, ತನಗೆ ತಿಳಿಯದೆಯೆ. ರೀತಿಯು ಅಂಗವಿನ್ಯಾಸವೇ ಹೊರತು ಜೀವವಲ್ಲವೆಂದು ಆನಂದವರ್ಧನನು ತೋರಿಸಿದ ಮೇಲೆ ನಮ್ಮಲ್ಲಿ ಆ ವಾದವು ಹಿಂದೆ ಸರಿಯಿತು. ರೀತಿಯನ್ನು ಹಿಂದಕ್ಕೆ ಕರೆಯಬಹುದು. ಅದು ಅಭ್ಯಾಸಕ್ಕೆ ಸಾಧ್ಯ. ಧ್ವನಿಯು ಕರೆದರೆ ಬರುವುದಲ್ಲ. ಹೇಳಲೇಬೇಕಾದುದೊಂದು ಇದ್ದಾಗ ತಾನಾಗಿ ಬರುವುದು.

ಇದು ಹೊಸ ಆಲ್ಬಮ್ಮಿನೊಳಗೇ ಪರೀಕ್ಷಿಸಬಹುದಾದ ಮಾತು. ಅದರಲ್ಲಿ ಮೊದಲು ಬಿಡುಗಡೆಯಾದ ಹಾಡು 'ದ ಡೇ ದಟ್ ನೆವರ್ ಕಮ್ಸ್'. ಮೆಲ್ಲನೆ ಆರಂಭವಾಗಿ, ಬರಬರುತ್ತ ಕೆರಳಿ, ಕೊನೆಗೆ ಜೋಡಿ ಗಿಟಾರುಗಳ ನಾಗಾಲೋಟದಲ್ಲಿ ಮುಗಿಯುವುದು. ಈ ಮೈಕಟ್ಟು 1984ರ 'ಫೇಡ್ ಟು ಬ್ಲ್ಯಾಕ್' ಹಾಡಿನದು, 1988ರ 'ಒನ್' ಹಾಡಿನದು. 'ಒನ್' ಹಾಡಿಗೆ ಡಾಲ್ಟನ್ ಟ್ರಂಬೊ ಎಂಬವರ 1939ರ ಕಾದಂಬರಿಯೊಂದು ಪ್ರೇರಣೆ. ಯುದ್ಧದಲ್ಲಿ ಕೈಕಾಲು, ಕಣ್ಣು, ಕಿವಿ, ಮಾತು ಎಲ್ಲವನ್ನೂ ಕಳೆದುಕೊಂಡು ಜೀವವೊಂದು ಉಳಿದ ಸೈನಿಕನೇ ಅದರ ನಾಯಕ. ಮೊದಲ ಭಾಗದ ಮೌನಪ್ರಾಯವಾದ ನಾದವು ಆ ದೇಹದ ಕತ್ತಲೆ. ಕೊನೆಯಲ್ಲಿ ಡ್ರಮ್ಮು ಫಿರಂಗಿಯಂತೆ ಹೊಡೆಯತೊಡಗಿದಾಗ, ಅವನನ್ನು ಹಾಗೆ ಮಾಡಿದ ಯುದ್ಧವೇ ಅವನೊಳಗೆ ಮತ್ತೆ ಎದ್ದಿತೆಂದು ನಮಗೆ ತೋರುವುದು. ವಿಷಯವು ಲಯವನ್ನು ಬೇಡಿತು, ಲಯವು ಬಂದಿತು. 2008ರ ಹಾಡಿನಲ್ಲಿಯೂ ವೇಗವು ಅದೇ ಸ್ಥಾನದಲ್ಲಿ ಬರುವುದು. ಆದರೆ ಏಕೆ ಬಂದಿತೆಂದು ಕೇಳಿದರೆ, ಇಂಥ ಹಾಡುಗಳಲ್ಲಿ ಇಲ್ಲಿ ಬರುವುದು ವಾಡಿಕೆ ಎಂಬುದಕ್ಕಿಂತ ಬೇರೆ ಉತ್ತರ ದೊರೆಯದು. ಕ್ಷೇಮೇಂದ್ರನು ಔಚಿತ್ಯವೆಂದುದು ಇದನ್ನೇ. ಒಡವೆ ಅದೇ, ಕೊರಳು ಬೇರೆ. ಹತ್ತು ನಿಮಿಷಕ್ಕೆ ಮೂರೇ ಸೆಕೆಂಡು ಕಡಿಮೆಯಾದ, ಮಾತಿಲ್ಲದ ವಾದ್ಯಕೃತಿಯೊಂದು ಇದರಲ್ಲಿದೆ. ಬರ್ಟನ್ನನ ಕೈಗುಣ ತುಂಬಿದ 1986ರ 'ಓರಾಯನ್' ಕೃತಿಯನ್ನು ಕೇಳಿದ ಕಿವಿಗೆ ಅದು ಬಿಡಿಬಿಡಿ ಪದ್ಯಗಳನ್ನು ಒಟ್ಟಿಗೆ ಹೊಲಿದಂತೆ ತೋರುವುದು.

ಹಾಗೆಂದು ಆಲ್ಬಮ್ಮೆಲ್ಲವೂ ಅನುಕರಣವೆಂದರೆ ಅನ್ಯಾಯವಾದೀತು. 'ಆಲ್ ನೈಟ್‌ಮೇರ್ ಲಾಂಗ್' ಎಂಬುದನ್ನು ಕೇಳಬೇಕು. ದುಃಸ್ವಪ್ನದಲ್ಲಿ ಬೆನ್ನಟ್ಟಿ ಬರುವುದೊಂದರಿಂದ ಓಡಿ ಪಾರಾಗಲಾರದ ಭಯವೇ ಅದರ ಸ್ಥಾಯಿ. ಅಲ್ಲಿ ವೇಗವು ಯೌವನದ ಪ್ರದರ್ಶನವಲ್ಲ, ಓಡುವವನ ಏದುಸಿರು. ಆಗ ಉಲ್ರಿಕ್, ಹೆಟ್‌ಫೀಲ್ಡ್ ಇಬ್ಬರಿಗೂ ನಲವತ್ತೈದರ ಆಸುಪಾಸಿನ ವಯಸ್ಸು. ಅಕಾಲದಲ್ಲಿ ತೀರಿಹೋದ ಸಂಗೀತಗಾರರ ನೆನಪಿನಿಂದ ಆಲ್ಬಮ್ಮಿನ ಹೆಸರು ಹುಟ್ಟಿತೆಂದು ಹೆಟ್‌ಫೀಲ್ಡನು ಹೇಳಿರುವನು. ಅದರ ಹೊದಿಕೆಯ ಮೇಲೆ, ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಸಾಲುಗಟ್ಟುವಂತೆ ಶವಪೆಟ್ಟಿಗೆಯೊಂದರ ಸುತ್ತ ಗೆರೆಗಳು ಸಾಲುಗಟ್ಟಿರುವುವು. ಇಪ್ಪತ್ತರ ಹುಡುಗರು ಮರಣವನ್ನು ಹಾಡಿದಾಗ ಅದು ಎದುರಾಳಿಯಾಗಿತ್ತು. ಗೆಳೆಯನನ್ನು ಕಳೆದುಕೊಂಡು ಇಪ್ಪತ್ತೆರಡು ವರ್ಷ ಕಳೆದ ಮೇಲೆ ಅದು ಸೆಳೆತವಾಯಿತು. ಹಳೆಯ ರೀತಿಯು ಈ ಹೊಸ ಅರಿವಿಗೆ ಎಲ್ಲಿ ಸೇವೆ ಮಾಡಿತೋ ಅಲ್ಲಿ ಧ್ವನಿ ಹುಟ್ಟಿತು. ಎಲ್ಲಿ ತನ್ನನ್ನೇ ಮೆರೆಸಿತೋ ಅಲ್ಲಿ ಹುಟ್ಟಲಿಲ್ಲ.

ಇನ್ನು ಕೇಳುಗರ ಕಡೆಗೆ ತಿರುಗೋಣ. ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ಅಭಿನವಗುಪ್ತನು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳಿರುವನು. ಅವುಗಳಲ್ಲಿ ಎರಡು ಇಲ್ಲಿ ಕೈಗೆ ಸಿಕ್ಕುವಷ್ಟು ಸ್ಪಷ್ಟವಾಗಿವೆ. ಪ್ರತೀತಿಗೆ ಉಪಾಯವಾದುದೇ ಕುಂದುವುದು ಒಂದು. 'ಡೆತ್ ಮ್ಯಾಗ್ನೆಟಿಕ್' ಮುದ್ರಣದಲ್ಲಿ ಮೆಲುದನಿಗೂ ಏರುದನಿಗೂ ಇರಬೇಕಾದ ಅಂತರವನ್ನು ಹಿಂಡಿ, ಎಲ್ಲವನ್ನೂ ಒಂದೇ ಎತ್ತರಕ್ಕೆ ಏರಿಸಿದರು. ನಾದದ ಅಲೆಗಳ ತುದಿಗಳು ಕತ್ತರಿಸಿಹೋಗಿ ಕಿವಿಗೆ ಕರಕರವೆಂದಿತು. ಇದೇ ಹಾಡುಗಳು 'ಗಿಟಾರ್ ಹೀರೋ' ಎಂಬ ಆಟದ ಯಂತ್ರಕ್ಕಾಗಿಯೂ ಬಿಡುಗಡೆಯಾಗಿದ್ದುವು. ಅಲ್ಲಿ ಅವು ಹೆಚ್ಚು ನಿರ್ಮಲವಾಗಿ ಕೇಳುವುವೆಂದು ಜನರು ಕಂಡುಕೊಂಡರು. ಮತ್ತೆ ಮುದ್ರಿಸಿಕೊಡಿರೆಂದು ಸಾವಿರಾರು ಮಂದಿ ಸಹಿ ಹಾಕಿದರು. ಹಳೆಯ ಧ್ವನಿಗಾಗಿ ಕಾದವರಿಗೆ ಕಿವಿಯ ಧ್ವನಿಯೇ ಕೆಟ್ಟು ದೊರೆತುದು ವಿಧಿಯ ವಿನೋದವೆನ್ನಬೇಕು.

ಎರಡನೆಯ ವಿಘ್ನವು ಇದಕ್ಕಿಂತ ಸೂಕ್ಷ್ಮವಾದುದು. ತನ್ನದೇ ಆದ ಸುಖದುಃಖಗಳಿಗೆ ಪರವಶನಾದವನಿಗೆ ರಸವು ದೊರೆಯದು. ಹಳೆಯ ಅಭಿಮಾನಿಯು ಹೊಸ ಹಾಡನ್ನು ಕೇಳುವಾಗ, ಹದಿನಾರರ ತನ್ನನ್ನು ಅದರಲ್ಲಿ ಹುಡುಕುವನು. ಕಾಣದಿದ್ದರೆ ಹಾಡಿನ ಮೇಲೆ ಮುನಿಯುವನು. ಆದರೆ ನನ್ನ ಮಗನ ಮಾತೇನು? 1986ರಲ್ಲಿ ಅವನಿಗೆ ಯೌವನವಿರಲಿಲ್ಲ, ಜನ್ಮವೇ ಇರಲಿಲ್ಲ. ಈ ತೊಡಕನ್ನು ಬಹುದಿನ ಯೋಚಿಸಿ ನಾನು ಕಂಡುಕೊಂಡುದು ಇಷ್ಟು: ಅಭಿಮಾನಿಯ ಬಾಯಲ್ಲಿ 'ಹಳೆಯದು' ಎಂಬುದು ಕಾಲವಾಚಕವಲ್ಲ, 'ಮೊದಲ ಸಲ' ಎಂಬುದೇ ಅದರ ಅರ್ಥ. ಕಡ ತಂದ ಕ್ಯಾಸೆಟ್ಟು, ಮುಚ್ಚಿದ ಬಾಗಿಲು, ಹೊರಗೆ ಗದರುವ ತಂದೆ ಇವೆಲ್ಲವೂ ಸೇರಿ ಅವನ ಹಳೆಯ ಧ್ವನಿಯಾಗಿದ್ದುವು. ಅದನ್ನು ಕ್ಯಾಲಿಫೋರ್ನಿಯದ ನಾಲ್ವರು ಹೇಗೆ ತಾನೆ ಹಿಂದಕ್ಕೆ ತಂದುಕೊಟ್ಟಾರು?

2011ರ ಅಕ್ಟೋಬರ್ 30ರಂದು ಮೆಟಾಲಿಕ ತಂಡವು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಛೇರಿ ನಡೆಸಿತು. ಎರಡು ದಿನ ಮುಂಚೆ ದೆಹಲಿಯ ಬಳಿಯ ಗುರಗಾಂವಿನಲ್ಲಿ ನಡೆಯಬೇಕಾಗಿದ್ದುದು ರದ್ದಾಗಿ ಗಲಭೆಯಾಗಿದ್ದುದರಿಂದ, ಇಲ್ಲಿಯೂ ನಡೆದೀತೋ ಇಲ್ಲವೋ ಎಂಬ ಆತಂಕವಿತ್ತು. ಮಗನು ಹೋಗಿ ಬಂದನು. ಮರುದಿನ ಫೋನು ಮಾಡಿದಾಗ ಅವನ ಗಂಟಲು ಪೂರ್ತಿಯಾಗಿ ಕಟ್ಟಿಹೋಗಿತ್ತು. 'ಹಳೆಯದೇ ಇತ್ತೇನಪ್ಪಾ' ಎಂದು ಕೇಳಿದೆನು. 'ಇತ್ತು ಅಪ್ಪಾ, ಎಲ್ಲರೂ ಕೂಡಿ ಹಾಡಿದೆವು' ಎಂದನು. ಆ ಉತ್ತರವು ನನಗೆ ಹಿಡಿಸಿತು. ಕಛೇರಿಯಲ್ಲಿ ಹಳೆಯ ಹಾಡೇ ಹಳೆಯ ಧ್ವನಿಯನ್ನು ಕೊಡುವುದು; ಅದಕ್ಕೆ ಹೊಸ ಹಾಡಿನ ಹಂಗಿಲ್ಲ. ಅದೇ ವಾರದಲ್ಲಿ ಲೂ ರೀಡ್ ಎಂಬ ಹಿರಿಯ ಗಾಯಕನೊಡನೆ ಇವರು ಮಾಡಿದ 'ಲುಲು' ಹೊರಬಂದಿತು. ಹಳೆಯದಕ್ಕೆ ಅಷ್ಟು ದೂರವಾದುದನ್ನು ಇವರು ಮತ್ತೊಂದು ಮಾಡಿಲ್ಲ. ಅದಕ್ಕೆ ಬಂದ ಬೈಗುಳಕ್ಕೂ ಸಾಟಿಯಿಲ್ಲ.

ಈ ವಿಚಾರದಲ್ಲಿ ನಾನು ಅಭಿಮಾನಿಗಳನ್ನೇ ದೂರಿ ಸುಮ್ಮನಾಗಬಹುದಾಗಿತ್ತು. ಆದರೆ ಕಲಾವಿದನ ಕಡೆಯ ತಪ್ಪು ಎಂಥದೆಂಬುದನ್ನು ನನ್ನ ಅನುಭವವೇ ನನಗೆ ಕಲಿಸಿತು. ನಿವೃತ್ತನಾದ ಕೆಲವು ವರ್ಷಗಳ ಮೇಲೆ ಹಳೆಯ ವಿದ್ಯಾರ್ಥಿಗಳು ಸೇರಿ ನನ್ನನ್ನು ಕರೆಸಿಕೊಂಡರು. 'ಮೇಷ್ಟ್ರೇ, ಅಂದು ಮಾಡುತ್ತಿದ್ದಿರಲ್ಲಾ, ಆ ಅಜವಿಲಾಪದ ಪಾಠ ಅದೇ ರೀತಿ ಮಾಡಬೇಕು' ಎಂದರು. ರಘುವಂಶದ ಎಂಟನೆಯ ಸರ್ಗ. ಮಡಿದ ಇಂದುಮತಿಗಾಗಿ ಅಜನು ಅಳುವ ಭಾಗ. ಮೂವತ್ತರ ವಯಸ್ಸಿನಲ್ಲಿ ನಾನು ಅದನ್ನು ಏರುದನಿಯಲ್ಲಿ, ಕೈಯೆತ್ತಿ, ಅಲಂಕಾರಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದೆನು. ಹುಡುಗರು ಬೆರಗಾಗುತ್ತಿದ್ದರು. ಅಂದೂ ಹಾಗೆಯೇ ಹೇಳಿದೆನು. ದನಿ ಬಂದಿತು, ಕೈಯೂ ಎದ್ದಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ಆ ಶ್ಲೋಕಗಳಲ್ಲಿ ಈಗ ನನಗೆ ಕಾಣುವುದನ್ನು ಒಂದಿಷ್ಟೂ ಹೇಳದೆ, ಅವರು ಕೇಳಿದ ಹಳೆಯ ಮೇಷ್ಟರನ್ನು ಅವರಿಗೆ ಕೊಟ್ಟು ಬಂದೆನು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಅವರು ಬೇಡಿದುದು ತಪ್ಪಲ್ಲ. ನಾನು ಬಚ್ಚಿಟ್ಟುದು ತಪ್ಪು.

ಆದುದರಿಂದ ಸಿದ್ಧಾಂತವು ಹೀಗೆ ನಿಲ್ಲುವುದು. ಹಿಂದಿರುಗುವಿಕೆಯಲ್ಲಿ ಎರಡು ಬಗೆ. ಅಂದಿನ ರೀತಿಯಿಂದ ಅಂದಿನ ತಾನನ್ನೇ ನಟಿಸುವುದು ಒಂದು. ಅಂದಿನ ರೀತಿಯಿಂದ ಇಂದಿನ ಅರಿವನ್ನು ನುಡಿಸುವುದು ಇನ್ನೊಂದು. ಮೊದಲನೆಯದಕ್ಕೆ ಚಪ್ಪಾಳೆಯುಂಟು, ರಸವಿಲ್ಲ. ಎರಡನೆಯದು ಅಭಿಮಾನಿಯ ಎಣಿಕೆಗೆ ಸರಿಹೋಗದಿರಬಹುದು. ಆದರೆ ಅವನು ನಿಜವಾಗಿ ಕಾದಿದ್ದುದು ಅದಕ್ಕೇ. ಹೊಸ ಕೃತಿಯನ್ನು ಅರಸಿ ಆಡುವುದೇಕೆಂಬ ಆಕ್ಷೇಪವನ್ನು ಕಾಳಿದಾಸನು ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ತಾನೇ ಎತ್ತಿ ತಾನೇ ಉತ್ತರಿಸಿದನು. ಪರೀಕ್ಷಿಸಿ ನೋಡುವವನಿಗೆ ಹಳತು ಹೊಸತೆಂಬುದು ಪ್ರಮಾಣವಲ್ಲವೆಂಬುದು ಆ ಉತ್ತರದ ತಾತ್ಪರ್ಯ. ಕಲಾವಿದನು ತನ್ನನ್ನೇ ಪರೀಕ್ಷಿಸಿಕೊಳ್ಳುವಾಗಲೂ ಅದು ಸಲ್ಲುವುದು.

ಮೆಟಾಲಿಕ ತಂಡದವರು ಇದನ್ನು ಕ್ರಮೇಣ ಅರಿತರೆಂದು ನನ್ನ ಭಾವನೆ. 2016ರಲ್ಲಿ ಒಂದು ಆಲ್ಬಮ್ಮು ಬಂದಿತು. 2023ರ ಏಪ್ರಿಲಿನಲ್ಲಿ '72 ಸೀಸನ್ಸ್' ಬಂದಿತು. ವರ್ಷಕ್ಕೆ ನಾಲ್ಕು ಋತುಗಳೆಂಬುದು ಅವರ ಲೆಕ್ಕ. ಎಪ್ಪತ್ತೆರಡು ಋತುಗಳೆಂದರೆ ಬಾಳಿನ ಮೊದಲ ಹದಿನೆಂಟು ವರ್ಷಗಳು. ಅರವತ್ತರ ಹೊಸ್ತಿಲಲ್ಲಿ ನಿಂತವರು ಹದಿನೆಂಟರೊಳಗೆ ತಮ್ಮನ್ನು ರೂಪಿಸಿದುದು ಏನೆಂದು ವಿಚಾರಿಸಿದರು. ಹದಿನೆಂಟರವರಂತೆ ವೇಷ ಕಟ್ಟಲಿಲ್ಲ. ಅದರ ಕೊನೆಯ ಹಾಡು 'ಇನಾಮೊರಾಟ' ಹನ್ನೊಂದು ನಿಮಿಷಕ್ಕೂ ಮೇಲ್ಪಟ್ಟುದು. ಈವರೆಗೆ ಅವರ ಸ್ವಂತ ಆಲ್ಬಮ್ಮುಗಳಲ್ಲಿ ಬಂದ ಹಾಡುಗಳಲ್ಲೆಲ್ಲ ಇದೇ ದೀರ್ಘವಾದುದು. ವೇಗದ ಹಂಗಿಲ್ಲದೆ, ಭಾರವಾದ ಹೆಜ್ಜೆಯಿಟ್ಟು ಅದು ನಡೆಯುವುದು. ಅದು ಬಂದಾಗಲೂ ಹಳೆಯ ಧ್ವನಿ ಬಂದಿತೋ ಇಲ್ಲವೋ ಎಂಬ ಚರ್ಚೆ ನಡೆಯದಿರಲಿಲ್ಲ. ನನ್ನ ಮಗನು ಮಾತ್ರ ಆ ಚರ್ಚೆಗೆ ಹೋಗಲಿಲ್ಲ. ರಜೆಗೆ ಬಂದಿದ್ದಾಗ ಒಂದು ಸಂಜೆ ಜಗುಲಿಯಲ್ಲಿ ಅದನ್ನು ಹಾಕಿ, ನನ್ನ ಪಕ್ಕದಲ್ಲಿ ಕುಳಿತನು. ಹನ್ನೊಂದು ನಿಮಿಷವೂ ಇಬ್ಬರೂ ಮಾತಾಡಲಿಲ್ಲ. ಬಾಗಿಲು ತೆರೆದೇ ಇದ್ದಿತು.